ಸಂಜೆ ಆರರ ಮಟ್ಟ

ನೀರನ್ನು ಅಳೆದೇ ಹೊಟ್ಟೆ ಹೊರೆದವನು ನಾನು. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಯಾರಾದರೂ ಕನಸು, ಮುನ್ಸೂಚನೆ ಎಂದು ಶುರು ಮಾಡಿದರೆ, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಮೊದಲು ಅನಿಸುತ್ತಿತ್ತು. ಈಗಲೂ ಅರ್ಧ ಹಾಗೇ ಇದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮಾಂಜ್ರಾ ನದಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ, ಅಡ್ಡಕಟ್ಟೆಗಳಾದ ಮೇಲೆ ಕೆಳಗಿನ ಹರಿವು, ಮೀನು, ದಂಡೆಯ ಬಾವಿಗಳ ಗತಿ ಏನಾಗಿದೆ ಎಂದು ನೋಡಿ ವರದಿ ಕೊಡುವ ಕೆಲಸ ನನ್ನದಾಗಿತ್ತು. ಮನೆ ಬೀದರಿನ ಮೈಲೂರಿನಲ್ಲಿ. ಭಾಲ್ಕಿ ಕಡೆಯಿಂದ ಔರಾದ ಕಡೆಯವರೆಗೆ ನದಿಯ ಆರು ಕಡೆ ನೀರಿನ ಮಟ್ಟ ತೋರಿಸುವ ಕೋಲುಗಳನ್ನು ನೆಟ್ಟಿದ್ದೆವು. ಪ್ರತಿ ಕೋಲಿನ ಪಕ್ಕದ ಹಳ್ಳಿಯವರೊಬ್ಬರು ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾಲ್ಕನೆಯ ಕೋಲು ಸುಜಾತಾಬಾಯಿಯವರದು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡಿಮೆ, ದುಂಡಗಿನ ಅಕ್ಷರ.

ಕೆಲವರು ಬೇರೆ ಕೆಲಸವಿದ್ದ ದಿನ ಮೂರೂ ಹೊತ್ತಿನದನ್ನು ಒಟ್ಟಿಗೇ ಬರೆದು ಹೋಗಿಬಿಡುತ್ತಾರೆ. ಅದನ್ನು ಹಿಡಿಯಲೆಂದೇ ನಾನು ಹೇಳದೆ ಕೇಳದೆ ಹೋಗುತ್ತಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಸಹೋದ್ಯೋಗಿ ಇರ್ಫಾನ್ ಜೊತೆ ಅಲ್ಲಿಗೆ ಹೋದೆ. ಪುಸ್ತಕ ತೆರೆದರೆ ಸಂಜೆಯ ಅಂಕಣದಲ್ಲೂ ಮಟ್ಟ ಬರೆದಾಗಿತ್ತು. ಬೆಳಿಗ್ಗೆ ಒಂದು ಮೀಟರ್ ಹತ್ತು ಸೆಂಟಿಮೀಟರ್, ಮಧ್ಯಾಹ್ನ ಅಷ್ಟೇ, ಸಂಜೆ ಆರಕ್ಕೆ ನಾಲ್ಕು ಮೀಟರ್ ಮೂವತ್ತೈದು. ಮಳೆಗಾಲದಲ್ಲೂ ಅಪರೂಪವಾದ ಮಟ್ಟ ಅದು. ಸುಳ್ಳು ಬರೆಯುವವರು ಇಂಥ ಸುಳ್ಳು ಬರೆಯುವುದಿಲ್ಲ ಎಂಬುದು ಸಿಟ್ಟಿನಲ್ಲಿ ನನಗೆ ಹೊಳೆಯಲಿಲ್ಲ. ಇದೇನೆಂದು ಸುಜಾತಾಬಾಯಿಯ ಮೇಲೆ ಜೋರು ಮಾಡಿದೆ.

"ನಾನೇ ಬರದೀನ್ರಿ ಸಾಹೇಬ್ರ," ಎಂದರು. "ಮುಂಜಾನಿದು ಬರೀವಾಗ ಕೈ ತಾನೇ ಸಂಜಿ ಖಾನಾಕ್ಕ ಹೋಯ್ತು. ಹೊಡದು ಹಾಕಬೇಕಂದ್ರ ಮನಸ್ಸಾಗಲಿಲ್ರಿ."

ಅಷ್ಟೇ ಆಗಿದ್ದರೆ ಬೈದು ಬಿಡುತ್ತಿದ್ದೆ. ಆದರೆ ನದಿಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ಗಂಡಹೆಂಡತಿಯನ್ನು ಸುಜಾತಾಬಾಯಿ ಬೆಳಿಗ್ಗೆಯೇ ಅಲ್ಲಿಂದ ಎಬ್ಬಿಸಿದ್ದರು. ರಾಜ್ಯದ ಗಡಿಯಾಚೆಯಿಂದ ಬಂದು, ಹಸುಗೂಸಿನೊಂದಿಗೆ ಹೊಳೆಯ ನಡುವೆ ಗುಡಿಸಲು ಹಾಕಿಕೊಂಡಿದ್ದವರು ಅವರು. ಹಾಸಿಗೆ, ಪಾತ್ರೆ ಎಲ್ಲ ದಂಡೆಗೆ ಬಂದಿದ್ದವು. ನನಗೆ ತಟ್ಟನೆ ಅನುಮಾನ ಬಂತು. ಆ ಜಾಗದ ಮೇಲೆ ಮರಳು ಎತ್ತುವವರ ಕಣ್ಣಿತ್ತು. ಈ ಕುಟುಂಬವನ್ನು ಓಡಿಸಲು ಅವರೇ ಈ ಹೆಂಗಸಿನ ಕೈಯಲ್ಲಿ ಆಟ ಆಡಿಸಿರಬಹುದೇ? ಯಾರು ಹೇಳಿಕೊಟ್ಟರು ಎಂದು ಮುಖದ ಮೇಲೇ ಕೇಳಿದೆ.

ಮೇಲಿನ ಅಡ್ಡಕಟ್ಟೆಗೆ ಫೋನ್ ಮಾಡಿದೆ. ಗೇಟುಗಳೆಲ್ಲ ಮುಚ್ಚಿವೆ, ಬಿಡುವ ಆಲೋಚನೆಯೇ ಇಲ್ಲ ಎಂದರು. ನಾನು ಕಲ್ಲಂಗಡಿಯವರಿಗೆ ಧೈರ್ಯ ಹೇಳಿ ಗುಡಿಸಲಿಗೆ ಮರಳಿ ಹೋಗಿ ಎಂದೆ. ಗಂಡ ಹಾಸಿಗೆಯ ಗಂಟು ಎತ್ತಿಕೊಂಡ. ಸುಜಾತಾಬಾಯಿ ಅದರ ಇನ್ನೊಂದು ತುದಿ ಹಿಡಿದರು.

"ಸಾಹೇಬ್ರ ಮಾತು ಕೇಳ್ರಿ. ಆದ್ರ ನಾಳಿಗಿ ಕೇಳ್ರಿ."

ಅವನು ಗಂಟು ಇಳಿಸಿದ. ಸುಜಾತಾಬಾಯಿಯ ಸುಳ್ಳನ್ನು ಅವರ ಎದುರಿಗೇ ತೋರಿಸಬೇಕೆಂದು ನಾನೂ ಆರರವರೆಗೆ ಕೂತೆ.

ಐದೂವರೆಗೆ ನೀರು ಬಂತು. ಸದ್ದಿಲ್ಲ, ನೊರೆಯಿಲ್ಲ, ಕಸಕಡ್ಡಿಯಿಲ್ಲ. ಕಲ್ಲಂಗಡಿ ಬಳ್ಳಿಗಳು ಒಂದೊಂದಾಗಿ ಮುಳುಗಿದವು. ಗುಡಿಸಲು ನಿಂತಲ್ಲೇ ವಾಲಿ ಹೋಯಿತು. ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾನು ದಂಡೆಯಲ್ಲಿ ಬಗ್ಗಿ ನೀರಿಗೆ ಕೈ ಹಾಕಿದೆ. ಏಪ್ರಿಲ್‌ನ ಹೊಳೆಯ ನೀರಲ್ಲ ಅದು. ಜಲಾಶಯದ ತಳದಿಂದ ಬಂದಂತೆ ತಣ್ಣಗೆ ಕೊರೆಯುತ್ತಿತ್ತು. ಕಟ್ಟೆಯವರು ಸುಳ್ಳು ಹೇಳಿದರು ಎಂದುಕೊಂಡೆ. ಆರಕ್ಕೆ ಇರ್ಫಾನ್ ಕೋಲಿನ ಫೋಟೋ ತೆಗೆದ. ನಾಲ್ಕು ಮೂವತ್ತೈದು. ಒಂದು ಗಂಟೆಯಲ್ಲಿ ನೀರು ಇಳಿದುಹೋಯಿತು.

ಮರುದಿನವೇ ಕಟ್ಟೆಗೆ ಹೋಗಿ ವಿಚಾರಿಸಿದೆ. ಗೇಟುಗಳ ಮೇಲಿನ ಧೂಳು ಕೂಡ ಅಲುಗಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಮೇಲಿನ ಮೂರನೆಯ ಕೋಲಿನಲ್ಲೂ ಕೆಳಗಿನ ಐದನೆಯದರಲ್ಲೂ ಆ ಸಂಜೆ ಎಂದಿನ ಮಟ್ಟವೇ ಇತ್ತು. ಮೂರನ್ನು ದಾಟದೆ ನೀರು ನಾಲ್ಕಕ್ಕೆ ಬಂದದ್ದು ಹೇಗೆ? ಐದನ್ನು ಮುಟ್ಟದೆ ಹೋದದ್ದೆಲ್ಲಿ? ಮೇಲಧಿಕಾರಿ ಫೋಟೋ ನೋಡಿ, ಇದು ಮಳೆಗಾಲದ್ದಲ್ಲವೇ ಎಂದು ಕೇಳಿದರು. ನಾನು ಸುಜಾತಾಬಾಯಿಯನ್ನು ನೋಡಿದ್ದ ರೀತಿಯಲ್ಲೇ ಅವರು ನನ್ನನ್ನು ನೋಡುತ್ತಿದ್ದರು. ಆ ಅಂಕಿ ವರದಿಯಲ್ಲಿ ನಿಲ್ಲುವಂತಿರಲಿಲ್ಲ. ಮಟ್ಟ ಓದಿದ್ದರಲ್ಲಿ ತಪ್ಪು ಎಂದು ಷರಾ ಬರೆದು, ನಾನೇ ಅದರ ಮೇಲೆ ಗೆರೆ ಎಳೆದು ಸಹಿ ಹಾಕಿದೆ.

ಇದನ್ನು ಸುಜಾತಾಬಾಯಿಗೆ ನಾನೇ ಹೋಗಿ ಹೇಳಿದೆ. ಅವರು ಜಗಳ ಮಾಡಲಿಲ್ಲ.

"ತಪ್ಪು ನಂದೇ ಅಂತ ಬರ್ಕೋರಿ ಸಾಹೇಬ್ರ. ಖರೆ ನೀವೂ ನೋಡೀರಲ್ರಿ?"

ಹೌದು ಎಂದೆ.

ಆಮೇಲೆ ಕಟ್ಟೆಯವರನ್ನು, ಮರಳಿನವರನ್ನು, ಇರ್ಫಾನನನ್ನು, ಕೊನೆಗೆ ನನ್ನ ಕಣ್ಣುಗಳನ್ನೇ ಅನುಮಾನಿಸಿ ನೋಡಿದ್ದೇನೆ. ಯಾವ ಅನುಮಾನವೂ ಕೊನೆಯವರೆಗೆ ನಿಲ್ಲಲಿಲ್ಲ. ಆ ನೀರು ಎಲ್ಲಿಯದೆಂದು ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಮಾತು ಕೇಳಿ ಆ ಮೂವರು ಹೊಳೆಗೆ ಇಳಿದಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಗೊತ್ತು.