ಚಿಗವ್ವ ಕಾದಿಟ್ಟ ಅಳು

ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಟಿವಿ ಧಾರಾವಾಹಿ ನೋಡುವಾಗ ಸುಮ್ಮನೆ ಕೂತವಳೇ ಅಲ್ಲ. ಪಾತ್ರಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. "ಏ ಹುಚ್ಚಿ, ಹಾಲಿನ್ಯಾಗ ಏನೋ ಹಾಕ್ಯಾಳ, ಕುಡೀಬ್ಯಾಡ!" ಎಂದು ಕೂಗುವಳು. ನಾಯಕಿ ಕುಡಿದೇಬಿಟ್ಟರೆ, "ಹೇಳಿದ್ ಕೇಳಲಿಲ್ಲ, ಅನುಭವಿಸು" ಎಂದು ಸಿಟ್ಟಿನಿಂದ ಅಡುಗೆಮನೆಗೆ ಎದ್ದು ಹೋಗಿ, ಮರುಕ್ಷಣ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಲ್ಲುವಳು. ತೆಲುಗಿನಲ್ಲಿ ನಡೆಯುವ ಧಾರಾವಾಹಿಗೆ ಇವಳು ಬಯ್ಯುವುದು ಮಾತ್ರ ಬಾಗಲಕೋಟೆ ಕಡೆಯ ಕನ್ನಡದಲ್ಲಿ. ನಮ್ಮ ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದ ಮನೆತನ ನಮ್ಮದು. ಹೊರಗೆ ತೆಲುಗು, ಹಿಂದಿ ಏನೇ ಆಡಿದರೂ ಬಯ್ಯುವುದಕ್ಕೂ ಅಳುವುದಕ್ಕೂ ಕನ್ನಡವೇ ಬೇಕು.

ಸುಲ್ತಾನ್ ಬಜಾರಿನ ಒಂದು ಸಂದಿಯಲ್ಲಿ ಅವಳದು ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸು, ಸೀರೆ ಫಾಲು, ಲೈನಿಂಗ್ ಬಟ್ಟೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದಳು. ಒಬ್ಬನೇ ಮಗ ಆ ಅಂಗಡಿಯ ಗಲ್ಲಾದ ಕೆಳಗೆ ಬಟ್ಟೆ ಗಂಟಿನ ಮೇಲೆ ಮಲಗಿಯೇ ದೊಡ್ಡವನಾದ. ಇಂಟರ್, ಅಂದರೆ ಪಿಯುಸಿ, ಮುಗಿಸಿ ಸೈನ್ಯ ಸೇರಿದ. ಅಲ್ಲಿಂದ ಫೋನ್ ಮಾಡಿದರೆ ಯೋಗಕ್ಷೇಮ ಕೇಳುವ ಮೊದಲು, "ಯವ್ವಾ, ಈ ಸಲ ಯಾವ ಕಲರ್ ಓಡಾಕತ್ತೈತಿ?" ಎನ್ನುವನು. ಹಿಮದ ಗುಡ್ಡದ ಮೇಲೆ ಕೂತವನಿಗೆ ರಾಣಿ ಕಲರಿನ, ಆ ಗಾಢ ಗುಲಾಬಿಯ, ಚಿಂತೆ ಯಾಕೋ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನನಗಿಂತ ತುಂಬಾ ಚಿಕ್ಕವನು. ನನ್ನ ಕೈಯಲ್ಲೇ ಆಡಿದ ತಮ್ಮ.

ಅವನು ಸತ್ತ ಸುದ್ದಿ ಫೋನಿನಲ್ಲಿ ಬಂತು. ಬೆಟ್ಟದ ದಾರಿಯಲ್ಲಿ ಟ್ರಕ್ಕು ಪ್ರಪಾತಕ್ಕೆ ಉರುಳಿ ಐದು ಹುಡುಗರು ಹೋಗಿದ್ದರು. ಕರ್ತವ್ಯದಲ್ಲಿದ್ದಾಗ ವಾಹನ ಅಪಘಾತ ಎಂದಷ್ಟೇ ಹೇಳಿದರು. ಆಮೇಲೆ ಪೆಟ್ಟಿಗೆ ಬಂತು, ಬಾವುಟ ಹೊದ್ದುಕೊಂಡು. ತೆರೆಯಬೇಡಿ ಎಂದರು. ತಂದವರು ಮರ್ಯಾದೆಯಿಂದಲೇ ನಡೆದುಕೊಂಡರು, ಸುಳ್ಳು ಹೇಳಬಾರದು. ಆದರೆ ಹೇಗಾಯಿತು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಬರೀ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೋದವರು ಹುಟ್ಟಿದ್ದು, ಬೆಳೆದದ್ದು, ಏನು ತಿನ್ನುತ್ತಿದ್ದರು, ಯಾರ ಜೊತೆ ಜಗಳವಾಡಿದ್ದರು, ಎಲ್ಲವನ್ನೂ ರಾಗ ಎಳೆದು ಹೇಳುತ್ತಾ ಹೋಗಿ ಕಡೆಗೆ ಹೇಗೆ ಪ್ರಾಣ ಬಿಟ್ಟರು ಎನ್ನುವಲ್ಲಿಗೆ ಮುಟ್ಟಿಸಬೇಕು. ತಾಯಿ ಇದ್ದರೆ ಅವಳೇ ಮೊದಲು ಎತ್ತಬೇಕು. ಅವಳು ಎತ್ತಿದ ಸಾಲನ್ನು ಉಳಿದವರು ಹಿಡಿಯುತ್ತಾರೆ. ಓದಿದವಳೆಂಬ ಜಂಬದಲ್ಲಿ ಇದನ್ನೆಲ್ಲ ನಾಟಕ ಎಂದವಳು ನಾನು. ನನ್ನ ತಾಯಿ ಹೋದಾಗ ಚಿಗವ್ವ ಹಾಗೆ ಅತ್ತದ್ದು ಕೇಳಿದ ಮೇಲೆ ಆ ಮಾತು ಬಿಟ್ಟೆ.

ಪೆಟ್ಟಿಗೆ ಬಂದ ದಿನ ನಾರಾಯಣಗೂಡದ ಚಿಗವ್ವನ ಮನೆಯ ತುಂಬ ಹೆಂಗಸರು ಕೂತಿದ್ದರು. ಊರಿನಿಂದಲೂ ಬಂದಿದ್ದರು. ಎಲ್ಲರ ಕಣ್ಣೂ ಚಿಗವ್ವನ ಮೇಲೆ. ಅವಳು ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳೇ ಹೊರತು ಬಾಯಿ ತೆರೆಯಲಿಲ್ಲ. ಊರಿನ ಮುದುಕಿಯೊಬ್ಬಳು ಬೆನ್ನು ಸವರಿ, "ಎತ್ತವಾ, ಮನಸ್ಸು ಹಗುರಾಕ್ಕೈತಿ" ಎಂದಳು.

"ಏನಂತ ಎತ್ಲಿ?" ಎಂದಳು ಚಿಗವ್ವ. "ನನ್ನ ಮಗ ಹೆಂಗ ಸತ್ತ ಅನ್ನೂದ ನನಗ ಗೊತ್ತಿಲ್ಲ. ಅರ್ಧಕ್ಕ ಬಂದು ನಿಲ್ಲೂ ಅಳು ನನಗ ಬ್ಯಾಡ. ಗೊತ್ತಾದ ದಿನ ಅಳ್ತೀನಿ."

ಅವನು ಹಾಡಿಲ್ಲದೆ ಹೋದ. ಊರಿನವರು ಇದನ್ನು ಒಪ್ಪಲಿಲ್ಲ. ಕಲ್ಲು ಮನಸ್ಸಿನವಳು ಎಂದು ಆಡಿಕೊಂಡೇ ಬಸ್ಸು ಹತ್ತಿದರು. ಊರ ಬಾಯಿಗೆ ಯಾರು ಮುಚ್ಚಳ ಹಾಕುತ್ತಾರೆ! ನಾನು ಒಬ್ಬಿಬ್ಬರ ಜೊತೆ ಸರಿಯಾಗಿಯೇ ಜಗಳ ತೆಗೆದೆ.

ಉಳಿದ ನಾಲ್ಕು ಹುಡುಗರ ಮನೆಯವರನ್ನು ಚಿಗವ್ವ ತಾನೇ ಹುಡುಕಿ ಫೋನ್ ಮಾಡಿದಳು. ಅವರಲ್ಲೊಬ್ಬ ಹುಡುಗನ ತಂದೆ ಹೈದರಾಬಾದಿನವನೇ, ರಿಟೈರಾದ ಬಸ್ ಕಂಡಕ್ಟರ್, ತೆಲುಗಿನವನು. ಅರ್ಜಿ ಕೊಟ್ಟು ಉತ್ತರ ಬಾರದಿದ್ದಾಗ ಎಲ್ಲರೂ ಧರ್ನಾ ಚೌಕಿನಲ್ಲಿ ಕೂತರು. ಮಕ್ಕಳ ಫೋಟೊ, ಒಂದು ಬ್ಯಾನರು, ಜಮಖಾನೆ. ಕೇಳಿದ್ದು ಒಂದೇ: ನಮ್ಮ ಮಕ್ಕಳು ಹೇಗೆ ಸತ್ತರು ಹೇಳಿ. ಹಣ ಬೇಡ, ಪದಕ ಬೇಡ. ವಿರೋಧ ಪಕ್ಷದವರು ಬಂದು ಕೂತು, ಫೋಟೊ ತೆಗೆಸಿಕೊಂಡು, ಸರ್ಕಾರಕ್ಕೆ ನಾಲ್ಕು ಬಯ್ದು ಹೋದರು. ಆಳುವ ಪಕ್ಷದವರು, ಇದರ ಹಿಂದೆ ರಾಜಕೀಯ ಇದೆ ಎಂದರು. ದೂರದೂರಿನ ಮೂರು ಮನೆಯವರು ಬರುತ್ತಾ ಹೋಗುತ್ತಾ ಇದ್ದರು. ತಪ್ಪದೆ ಕೂರುತ್ತಿದ್ದವರು ಚಿಗವ್ವ ಮತ್ತು ಆ ಕಂಡಕ್ಟರ್. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಧರ್ನಾ. ನಾನು ಕಾಲೇಜಿನ ಆಫೀಸು ಕೆಲಸ ಮುಗಿಸಿ ರೊಟ್ಟಿ ಬುತ್ತಿ ಒಯ್ಯುತ್ತಿದ್ದೆ. ಕಂಡಕ್ಟರ್ ಜೋಳದ ರೊಟ್ಟಿಯನ್ನು ಕಷ್ಟಪಟ್ಟು ಅಗಿಯುತ್ತಾ ಬಹಳ ಚೆನ್ನಾಗಿದೆ ಎನ್ನುತ್ತಿದ್ದ, ಪಾಪ.

ಆಗ ಒಬ್ಬ ಹುಡುಗಿ ಬಂದಳು. ಮೈಸೂರಿನವಳು, ಧಾರಾವಾಹಿ ಬರೆಯುವವರ ತಂಡದಲ್ಲಿ ಕೆಲಸ. ಬೇಗಂಪೇಟೆಯಲ್ಲಿ ಅವರ ಆಫೀಸು. ಸೈನಿಕರ ತಂದೆತಾಯಿಗಳ ಹೋರಾಟದ ಮೇಲೆ ತೆಲುಗಿನಲ್ಲಿ ಧಾರಾವಾಹಿ ಮಾಡುತ್ತೇವೆ, ಹೆಸರು ಬದಲಾಯಿಸುತ್ತೇವೆ, ನಿಮ್ಮ ಕಥೆ ಹೇಳಿ ಎಂದಳು. ನನಗೆ ಸರಿ ಬರಲಿಲ್ಲ, ಹಾಗೆಂದು ಹೇಳಿದೆ. ಚಿಗವ್ವ ನನ್ನ ಬಾಯಿ ಮುಚ್ಚಿಸಿದಳು. "ನಾವು ಇಲ್ಲಿ ಕುಂತ್ರ ಕಾಗಿ ಸುದ್ದಾ ನೋಡಾಂಗಿಲ್ಲ. ಟಿವ್ಯಾಗ ಬಂದ್ರ ಮಂತ್ರಿ ಹೇಣ್ತಿ ನೋಡ್ತಾಳ. ಆಕಿ ಕೇಳಿದ್ರ ಅಂವ ಉತ್ತರ ಕೊಡಬೇಕಾಕ್ಕೈತಿ." ಧಾರಾವಾಹಿಯ ಶಕ್ತಿಯನ್ನು ಅವಳಷ್ಟು ಬಲ್ಲವರು ಯಾರಿದ್ದರು?

ಹುಡುಗಿ ಒಳ್ಳೆಯವಳೇ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಗಂಟೆಗಟ್ಟಲೆ ಕೇಳಿಸಿಕೊಂಡಳು. ಹಾಡ್ಯಾಡಿ ಅಳುವ ವಿಷಯ ಬಂದಾಗ ಅವಳ ಕಣ್ಣು ಅಗಲವಾಯಿತು. "ಆಂಟಿ, ಅದು ಹೇಗಿರುತ್ತೆ? ನೀವು ಅಳೋದಾದ್ರೆ ಏನಂತ ಹೇಳ್ತಿದ್ರಿ? ಬೇಜಾರಾದ್ರೆ ಬೇಡ."

ಚಿಗವ್ವ ಹಾಡಲಿಲ್ಲ. ಸತ್ತವರಿಗಾಗಿ ಕೂತಾಗಲ್ಲದೆ ಅದನ್ನು ಹಾಡಬಾರದು. ಆದರೆ ಮಾತಿನಲ್ಲಿ ಹೇಳಿದಳು: ಗಲ್ಲಾದ ಕೆಳಗೆ ಮಲಗುತ್ತಿದ್ದದ್ದು, ಜ್ವರ ಬಂದರೆ ರಾಣಿ ಕಲರ್ ಬಟ್ಟೆಯನ್ನೇ ಹೊದೆಸು ಎಂದು ಹಟ ಹಿಡಿಯುತ್ತಿದ್ದದ್ದು, ಪಕ್ಕದಲ್ಲಿ ಯಾರಾದರೂ ಕೂರದಿದ್ದರೆ ತುತ್ತು ಎತ್ತದಿದ್ದದ್ದು. ಹೇಳುವಾಗ ನಗುತ್ತಿದ್ದಳು. ಎಷ್ಟೋ ದಿನಕ್ಕೆ ಅವಳು ನಕ್ಕಳಲ್ಲ ಎಂದು ನಾನೂ ಹಿಗ್ಗಿದೆ.

ಧಾರಾವಾಹಿ ಬಂತು, ಹೈದರಾಬಾದೆಲ್ಲ ನೋಡಿತು. ಮೊದಲ ವಾರದಲ್ಲೇ ಟಿವಿಯ ತಾಯಿ ಪೆಟ್ಟಿಗೆಯ ಮೇಲೆ ಬಿದ್ದು ಹಾಡ್ಯಾಡಿ ಅತ್ತಳು. ಗಲ್ಲಾ, ಬಟ್ಟೆ ಗಂಟು, ರಾಣಿ ಕಲರು, ತುತ್ತು, ಒಂದೂ ಬಿಡಲಿಲ್ಲ. ತೆಲುಗಿನ ಸಾಲುಗಳಿಗೆ ಒಳ್ಳೆ ರಾಗ ಹಾಕಿದ್ದರು, ಹಿಂದೆ ಪಿಟೀಲು. ನಡುನಡುವೆ ಮಗನ ಪಾತ್ರದ ಹುಡುಗನ ಮುಖ ತೋರಿಸುತ್ತಿದ್ದರು. ಆ ನಟಿ ಚೆನ್ನಾಗಿಯೇ ಅತ್ತಳು. ನಾನೂ ಅತ್ತೆ. ಚಿಗವ್ವ ಮಾತ್ರ ಟಿವಿಗೆ ಬಯ್ಯಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಅಷ್ಟು ಸುಮ್ಮನೆ ಅವಳು ಧಾರಾವಾಹಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಧರ್ನಾ ಚೌಕಿಗೆ ಜನ ಬರತೊಡಗಿದರು. ಅಸಲಿ ತಾಯಿ ಇವಳೇ ಎಂದು ಸೆಲ್ಫಿ ತೆಗೆಸಿಕೊಂಡರು. ನಾಲ್ಕು ದಿನ ಜಮಖಾನೆಯ ಮೇಲೆ ಜಾಗ ಇರಲಿಲ್ಲ. ಆದರೆ ಕಥೆ ಎಂದ ಮೇಲೆ ಮುಗಿಯಬೇಕಲ್ಲ. ಟಿವಿಯಲ್ಲಿ ಒಬ್ಬ ಅಧಿಕಾರಿ ಕಣ್ಣೀರು ತುಂಬಿಕೊಂಡು ಆ ತಾಯಿಯ ಮನೆಗೆ ಬಂದ. ನಿಮ್ಮ ಮಗ ಹಳ್ಳದಲ್ಲಿ ಸಿಕ್ಕಿಕೊಂಡ ಶಾಲೆ ಮಕ್ಕಳನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಎಂದ. ಮಂತ್ರಿ ಕೈ ಮುಗಿದ. ತಾಯಿ ಮತ್ತೊಮ್ಮೆ ಅದೇ ರಾಗದಲ್ಲಿ, ಮಕ್ಕಳನ್ನು ಉಳಿಸಿದೆಯಲ್ಲೋ ಎಂದು ಹಾಡಿ ಜಮಖಾನೆ ಮಡಚಿದಳು. ಶುಭಂ.

ಮರುದಿನ ಅಂಗಡಿಗೆ ಬಂದವರೆಲ್ಲ ಚಿಗವ್ವನ ಕೈ ಹಿಡಿದುಕೊಂಡು, "ಮೊತ್ತಾನಿಕಿ ಮೀಕು ನ್ಯಾಯಂ ಜರಿಗಿಂದಿ ಕದಮ್ಮಾ," ಅಂತೂ ನಿಮಗೆ ನ್ಯಾಯ ಸಿಕ್ಕಿತಲ್ಲ ಎಂದರು. ಮೊದಮೊದಲು, ಅದು ಕಥೆ, ನನಗೆ ಯಾರೂ ಏನೂ ಹೇಳಿಲ್ಲ ಎಂದು ತಿಳಿಸಿ ಹೇಳಿದಳು. ತಲೆ ಆಡಿಸಿ, ಅರ್ಧ ಮೀಟರ್ ಲೈನಿಂಗ್ ಹರಿಸಿಕೊಂಡು ಹೋದರು. ಚೌಕಿನಲ್ಲಿ ಮತ್ತೆ ಇಬ್ಬರೇ ಉಳಿದರು. ಅಲ್ಲಿನ ಪೊಲೀಸಿನವನು, ಎಷ್ಟೋ ಸಲ ತಾನೇ ನೀರು ತಂದುಕೊಟ್ಟವನು, "ಇಂಕಾ ಎಂದುಕಮ್ಮಾ ಇಕ್ಕಡ? ಸೀರಿಯಲ್ ಅಯಿಪೋಯಿಂದಿ ಕದಾ" ಎಂದ. ಇನ್ನೂ ಯಾಕೆ ಕೂತಿದ್ದೀರಿ, ಸೀರಿಯಲ್ ಮುಗಿಯಿತಲ್ಲ! ಅವನು ಅಣಕಿಸಿದ್ದಲ್ಲ. ಅಣಕಿಸಿದ್ದರೆ ನಾನು ಅವನ ನೀರಿಳಿಸಿ ಬರುತ್ತಿದ್ದೆ. ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ.

ಆದರೂ ಧಾರಾವಾಹಿ ವ್ಯರ್ಥವಾಯಿತು ಎನ್ನುವಂತಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಗಟ್ಟಿಮುಟ್ಟಾದ ಯುವಕನೊಬ್ಬ ಬಂದ. ವಿಜಯಪುರ ಕಡೆಯವನು, ಸೈನ್ಯದಿಂದ ರಜೆಯ ಮೇಲೆ ಊರಿಗೆ ಹೊರಟವನು ನಡುವೆ ಹೈದರಾಬಾದಿನಲ್ಲಿ ಇಳಿದಿದ್ದ. ನಾನೂ ಅಲ್ಲೇ ಇದ್ದೆ. ಚಿಗವ್ವನ ಕಾಲು ಮುಟ್ಟಿ, "ನಾ ಹಿಂದಿನ ಗಾಡಿಯೊಳಗಿದ್ದೆ ರೀ," ಎಂದ. "ಟಿವ್ಯಾಗ ತೋರಿಸಿದಂಗ ಆಗಿಲ್ರಿ ಯವ್ವಾ. ಅದನ್ನ ಮೊಬೈಲಿನ್ಯಾಗ ನೋಡಿದ ಮ್ಯಾಲ ತಡಕೊಳ್ಳಾಕ ಆಗಲಿಲ್ರಿ."

ದೊಡ್ಡ ಗುಟ್ಟೇನೂ ಇರಲಿಲ್ಲ. ಮುಂದಿನ ಟ್ರಕ್ಕು ಏರಿನಲ್ಲಿ ನಿಂತಿತು. ನಮ್ಮ ಹುಡುಗ ಗಾಲಿಗೆ ಕಲ್ಲು ಇಡಲು ಕೆಳಗಿಳಿದ. ಇಳಿಯುವಾಗ, ಇವತ್ತು ಚಹಾ ಮಾಡುವ ಪಾಳಿ ನನ್ನದಲ್ಲ ಎಂದು ಒಳಗಿನವರ ಜೊತೆ ನಗುತ್ತಾ ತಕರಾರು ಮಾಡುತ್ತಿದ್ದ. ರಸ್ತೆಯ ಅಂಚು ಕುಸಿಯಿತು. ಟ್ರಕ್ಕಿನ ಜೊತೆ ಎಲ್ಲರೂ ಹೋದರು. "ಕಲ್ಲು ಕೈಯಾಗ ಇತ್ರಿ," ಎಂದ ಆ ಯುವಕ. "ನಾ ಹೇಳಿದ್ದು ಅಂತ ಎಲ್ಲೂ ಹೇಳಬ್ಯಾಡ್ರಿ."

ಚಿಗವ್ವ ಅವನಿಗೆ ಊಟ ಬಡಿಸಿದಳು. ಅವನು ತಿನ್ನುವವರೆಗೂ ಪಕ್ಕದಲ್ಲೇ ಕೂತಿದ್ದಳು. ಅವನು ಹೋದ ಮೇಲೆ ಕಂಡಕ್ಟರನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು, "ಟೀವೀಲೋ ಚೂಪಿಂಚಿಂದೇ ನಾಕು ಚಾಲಮ್ಮಾ" ಎಂದನಂತೆ. ಟಿವಿಯಲ್ಲಿ ತೋರಿಸಿದ್ದೇ ನನಗೆ ಸಾಕು. ಅವನನ್ನು ದೂರುವ ಮನಸ್ಸು ನನಗಿಲ್ಲ. ಮಕ್ಕಳನ್ನು ಉಳಿಸಲು ಹೋದ ಮಗ ಯಾವ ತಂದೆಗೆ ಬೇಡ?

ಚಿಗವ್ವನಿಗೆ ಮಾತ್ರ ನಿಜವೇ ಬೇಕಿತ್ತು, ಸಿಕ್ಕಿತ್ತು. "ನಾಳೆ ಎಲ್ಲಾರ್ನೂ ಕರಿ," ಎಂದಳು ನನಗೆ. "ಈಗ ಅಳ್ತೀನಿ."

ನಮ್ಮ ಕಡೆಯ ಹೆಂಗಸರು ಬಂದರು. ಕಲ್ಲು ಮನಸ್ಸಿನವಳು ಎಂದವರಲ್ಲಿ ಇಬ್ಬರು ಊರಿನಿಂದಲೂ ಬಂದರು. ಅವನ ಫೋಟೊ ಇಟ್ಟು ಸುತ್ತ ಕೂತೆವು. ಚಿಗವ್ವ ಸೆರಗು ಬಾಯಿಗೆ ಹಿಡಿದು, ಒಮ್ಮೆ ಉಸಿರೆಳೆದು ಎತ್ತಿದಳು:

"ಗಲ್ಲಾದ ಬುಡಕ ಮಲಗಿದ್ಯಲ್ಲೋ ನನ ಕಂದಾ..."

ಹೆಂಗಸರು ಸಾಲು ಹಿಡಿದರು. ಹಿಡಿದದ್ದು ಟಿವಿಯ ರಾಗದಲ್ಲಿ. ಅವರಿಗೆ ಅದು ತಿಳಿಯಲೂ ಇಲ್ಲ, ಅಷ್ಟು ದಿನ ಕೇಳಿದ್ದು ಬಾಯಿಗೆ ಬಂತು. ಚಿಗವ್ವ ಒಂದು ಕ್ಷಣ ತಡೆದು, ಮುಂದುವರಿದಳು. ರಾಣಿ ಕಲರು ಬಂತು, ತುತ್ತು ಬಂತು. ಗಾಲಿಗೆ ಕಲ್ಲು ಇಡಲು ಇಳಿದೆಯಲ್ಲೋ ಎನ್ನುವ ಸಾಲು ಬರಬೇಕಿತ್ತು. ಇಷ್ಟು ಕಾಲ ಕಾದದ್ದು ಆ ಒಂದು ಸಾಲಿಗಾಗಿ.

"ಕೂಸುಗೋಳ್ನ ಉಳಿಸಾಕ ಹೋದ್ಯಲ್ಲೋ..." ಎಂದುಬಿಟ್ಟಳು.

ತಟ್ಟನೆ ನಿಲ್ಲಿಸಿದಳು. ಹೆಂಗಸರು ಆ ಸಾಲನ್ನೂ ಹಿಡಿದು ಎಳೆಯುತ್ತಿದ್ದರು. ನಾನು ಕೈ ತೋರಿಸಿ ಸುಮ್ಮನಾಗಿಸಿದೆ. ಚಿಗವ್ವ ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಎತ್ತಿದಳು. ಗಲ್ಲಾದ ಸಾಲಿನಲ್ಲೇ ನಿಂತುಬಿಟ್ಟಳು. ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಹೆದರಿಕೆ ಇತ್ತು.

"ಅವನ ಮಾರಿ ಬರವಲ್ದವಾ," ಎಂದಳು. "ಕಣ್ ಮುಚ್ಚಿದ್ರ ಆ ಟಿವಿ ಹುಡುಗನ ಮಾರೀನ ಬರಾಕತ್ತೈತಿ."

ಅವನ ಮುಖ ನೋಡಲೆಂದು ಎದುರಿಗಿದ್ದ ಫೋಟೊವನ್ನು ಎತ್ತಿ ಅವಳ ಮಡಿಲಲ್ಲಿಟ್ಟೆ. ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು. ನಾವೆಲ್ಲ ಕಾದೆವು. ಅವಳು ಎತ್ತಲಿಲ್ಲ. ತಾಯಿ ಎತ್ತದೆ ನಾವು ಅಳುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ಹೆಂಗಸರು ಎದ್ದು ಹೋದರು, ಕೊನೆಗೆ ನಾನೊಬ್ಬಳೇ ಅವಳ ಪಕ್ಕದಲ್ಲಿ ಕೂತಿದ್ದೆ.