ಚೂಡಾಮಣಿಯ ಹೊಟ್ಟೆಯುರಿ

ಮಳವಳ್ಳಿಯ ಗಣಿತದ ಮೇಷ್ಟ್ರು ವೆಂಕಟೇಶಮೂರ್ತಿಗಳ ಮಗಳು ಚೂಡಾಮಣಿಗೆ ಎರಡನೆಯವಳಾಗಿ ಕೂತು ಅಭ್ಯಾಸವಿರಲಿಲ್ಲ. ಶಾಲೆಯಲ್ಲಿ ಅವಳೇ ಮೊದಲು, ಹಾಡಿನಲ್ಲೂ ಅವಳೇ ಮೊದಲು. ಒಮ್ಮೆ ರಂಗೋಲಿಯ ಬಹುಮಾನ ಹಿಂದಿನ ಬೀದಿಯ ಹುಡುಗಿಗೆ ಹೋದಾಗ ಜ್ವರ ಬಂದು ಮಲಗಿದ್ದಳು. "ಇವಳಿಗೆ ಓದು ಹತ್ತಿತು, ಸೋಲು ಹತ್ತಲಿಲ್ಲ" ಎಂದು ತಾಯಿ ಪದ್ಮಮ್ಮ ಬಂದವರೆದುರು ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಮೈಸೂರಿಗೆ ಹೋಗಿ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದ ಮೇಲೆ ಪ್ರೊಫೆಸರ್ ಸಂಪತ್ ಕುಮಾರರು ಅವಳನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ಎದೆನೋವು, ಸಕ್ಕರೆ ಕಾಯಿಲೆ ಮುಂತಾದವು ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎನ್ನುವುದು ಅವರ ಸಂಶೋಧನೆ. ಮದ್ದೂರು ತಾಲ್ಲೂಕಿನ ಕೆಲವು ಮನೆಗಳಲ್ಲಿ ನಲವತ್ತು ದಾಟುವ ಮುಂಚೆಯೇ ಗಂಡಸರು ಎದೆ ಹಿಡಿದುಕೊಂಡು ಬೀಳುತ್ತಾರೆ ಎಂದು ಯಾರೋ ವೈದ್ಯರು ಹೇಳಿದ್ದೇ ತಡ, ೧೯೭೫ರಲ್ಲಿ ಮಂಡ್ಯದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಅಡಿಗೆಮನೆಯೇ ಪ್ರಯೋಗಾಲಯವಾಯಿತು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಅಲ್ಲಿಯ ಗಾಜಿನ ನಳಿಗೆಗಳಿಗೂ ಅಂಟಿಕೊಳ್ಳುತ್ತಿತ್ತು.

ಅಲ್ಲಿ ಚೂಡಾಮಣಿಯದೇ ರಾಜ್ಯ. ಹಳ್ಳಿಯಿಂದ ತಂದ ರಕ್ತದ ತಿಳಿಯನ್ನು ಬೇರ್ಪಡಿಸಿ, ಆಮ್ಲ ಬೆರೆಸಿ, ಅದು ಹಸಿರಾಗುವುದನ್ನು ಕಾಯುವುದು ಅವಳ ಕೆಲಸ. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದಷ್ಟೂ ಹಸಿರು ಗಾಢವಾಗುತ್ತಿತ್ತು. ಅವಳು ಮಾಡಿದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವ ಅಗತ್ಯವೇ ಇಲ್ಲ ಎಂದು ಪ್ರೊಫೆಸರು ಎಲ್ಲರ ಮುಂದೆ ಹೇಳುತ್ತಿದ್ದರು.

ಮರುವರ್ಷ ಇಂದ್ರಮ್ಮ ಬಂದಳು. ಬೆಸಗರಹಳ್ಳಿಯ ರೈತ ಹೊನ್ನಯ್ಯನ ಮಗಳು, ಎಂ.ಎಸ್ಸಿ.ಯಲ್ಲಿ ಎರಡನೇ ದರ್ಜೆ. ಮೊದಲ ದಿನವೇ "ಚೂಡಕ್ಕ" ಎಂದು ಕರೆದಳು. ತಾನು ಯಾವಾಗ ಇವಳಿಗೆ ಅಕ್ಕನಾದೆ ಎಂದು ಚೂಡಾಮಣಿಗೆ ಮೈಯುರಿಯಿತು.

ಅದು ತುರ್ತುಪರಿಸ್ಥಿತಿಯ ಕಾಲ. ಜೀಪು ಕಂಡರೆ ಸಾಕು, ಸಂತಾನಹರಣದ ಆಪರೇಷನ್ನಿಗೆ ಹಿಡಿದುಕೊಂಡು ಹೋಗುತ್ತಾರೆಂದು ಗಂಡಸರು ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು. ಆತಗೂರಿನ ಕಡೆಯ ಒಂದು ಹಳ್ಳಿಯಲ್ಲಿ ಚೂಡಾಮಣಿ ಜೀಪಿನಿಂದಿಳಿದು, "ದಯವಿಟ್ಟು ಹೊರಗೆ ಬನ್ನಿ, ಇದು ವೈಜ್ಞಾನಿಕ ಸಮೀಕ್ಷೆ" ಎಂದು ಕೂಗಿದಳು. ಒಂದು ಗರಿಯೂ ಅಲುಗಲಿಲ್ಲ. ಇಂದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ಹೋಗಿ ನಿಂತಳು.

"ಯಾರ್ಲಾ ಅದು ಬಗ್ಗಿ ಕೂತಿರೋದು? ಆಪರೇಸನ್ನು ಮಾಡಕ್ಕೆ ಬಂದಿಲ್ಲ ಕಣ್ರಪ್ಪೋ! ನಾನು ಬೆಸಗರಳ್ಳಿ ಒನ್ನಯ್ಯನ ಮಗಳು. ನಮ್ಮ ದೊಡ್ಡವ್ವನ್ನ ನಿಮ್ಮೂರ್ಗೇ ಕೊಟ್ಟಿರೋದು!"

ಗದ್ದೆಯೊಳಗಿಂದ ಮಾದಯ್ಯನೆಂಬ ಮುದುಕ ಎದ್ದುಬಂದ. "ಒನ್ನಯ್ಯನ ಮಗಳಾ? ಮೊದ್ಲೇ ಏಳ್ಬಾರ್ದೇನವ್ವಾ? ಸುಮ್ಕೆ ಕಬ್ಬಿನ ಗರಿ ಮೈಯೆಲ್ಲಾ ಕುಯ್ದ್‌ಬುಡ್ತು." ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಚೂಡಾಮಣಿ ಸೂಜಿ ಹಿಡಿದರೆ ಮಾತ್ರ ತೋಳು ಹಿಂದಕ್ಕೆಳೆದುಕೊಂಡರು. "ಒನ್ನಯ್ಯನ ಮಗಳೇ ಚುಚ್ಲಿ, ಬುಡವ್ವ."

ಆ ಹಳ್ಳಿಯ ಒಂದು ಮನೆಯಲ್ಲಿ ಪುಟ್ಟ ಹೆಣ್ಣುಮಗುವೊಂದಿತ್ತು. ಅದರ ಮೊಣಕೈ, ಮಂಡಿಗಳ ಮೇಲೆ ಹಳದಿ ಗಂಟುಗಳೆದ್ದಿದ್ದವು. ನಾಲ್ಕು ಹೆಜ್ಜೆ ಓಡಿದರೂ ಎದೆ ಒತ್ತಿಕೊಂಡು ಕುಳಿತುಬಿಡುತ್ತಿತ್ತು. ತಂದೆ ತಾಯಿ ಸೋದರಿಕೆಯ ಸಂಬಂಧದವರು. ಪ್ರೊಫೆಸರು ಜೀಪಿನಲ್ಲಿ ಮೆಲ್ಲಗೆ ಹೇಳಿದರು: "ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಕೊಲೆಸ್ಟರಾಲ್ ಹೆಚ್ಚಿಸುವ ಈ ದೋಷವಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರಬಹುದು. ದೊಡ್ಡವರಾದ ಮೇಲೆ ತೊಂದರೆ ಕೊಡುತ್ತದೆ. ಇಬ್ಬರಿಗೂ ಇದ್ದು, ಮಗು ಎರಡೂ ಕಡೆಯಿಂದ ಪಡೆದರೆ ಹೀಗಾಗುತ್ತೆ." ಆ ದೀಪಾವಳಿಯ ಹೊತ್ತಿಗೆ ಮಗು ತೀರಿಕೊಂಡಿತು. ಇಂದ್ರಮ್ಮ ಮೂರು ದಿನ ರಜೆ ಹಾಕಿ ಆ ಮನೆಯಲ್ಲೇ ಇದ್ದು ಬಂದಳು. "ನಾಟಕ" ಎಂದುಕೊಂಡಳು ಚೂಡಾಮಣಿ.

ದಿನಗಳೆದಂತೆ ಹೊಟ್ಟೆಯುರಿ ಕೈಗೂ ಇಳಿಯಿತು. ಒಳ್ಳೆಯ ಸೂಜಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ, ಮೊಂಡಾದವನ್ನು ಇಂದ್ರಮ್ಮನ ಪೆಟ್ಟಿಗೆಗೆ ಹಾಕುತ್ತಿದ್ದಳು. ಇಂದ್ರಮ್ಮ ಏನೂ ಕೇಳಲಿಲ್ಲ. ಹಿತ್ತಲಿನ ಸಾಣೆಕಲ್ಲಿನ ಮೇಲೆ ಅವನ್ನು ಮಸೆದು, ಕುದಿಸಿಕೊಂಡು ಹೋಗುತ್ತಿದ್ದಳು. ಅವಳು ಜಗಳಕ್ಕೆ ಬಂದಿದ್ದರೂ ಚೂಡಾಮಣಿಗೆ ಅಷ್ಟು ಕೆರಳುತ್ತಿರಲಿಲ್ಲ.

೧೯೭೭ರ ಬೇಸಿಗೆಯಲ್ಲಿ ದೆಹಲಿಯಲ್ಲೊಂದು ದೊಡ್ಡ ಸಮ್ಮೇಳನ ನಿಗದಿಯಾಯಿತು. ಈ ಮನೆತನಗಳ ವಿಷಯ ಅಲ್ಲಿ ಮಂಡಿಸುವವರು ಯಾರು ಎಂಬುದರಲ್ಲಿ ಚೂಡಾಮಣಿಗೆ ಸಂಶಯವೇ ಇರಲಿಲ್ಲ. ಊರಿಗೆ ಹೋದಾಗ ತಾಯಿಯ ಹಸಿರು ರೇಷ್ಮೆ ಸೀರೆಯನ್ನೂ ತಂದಿಟ್ಟುಕೊಂಡಳು. ಪ್ರೊಫೆಸರು ಕಾಫಿ ಕುಡಿಯುತ್ತಾ, "ಇಂದ್ರಮ್ಮ ಹೋಗಲಿ. ಆ ಜನರನ್ನು ಬಲ್ಲವಳು ಅವಳೇ" ಎಂದರು. ಚೂಡಾಮಣಿ "ಆಗಲಿ ಸಾರ್" ಎಂದು ಲೋಟಗಳನ್ನು ಒಳಗೆ ಒಯ್ದಳು.

ಕಾಯಿಲೆಯವರ ರಕ್ತಕ್ಕೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ. ಅದಕ್ಕೆ ಪ್ರಯೋಗಾಲಯದವರೆಲ್ಲ ಬರಿಹೊಟ್ಟೆಯಲ್ಲಿ ಬಂದು ತಮ್ಮದನ್ನೇ ಕೊಟ್ಟಿದ್ದರು. ಇಂದ್ರಮ್ಮ ಮಾತ್ರ ಪ್ರತಿಸಲವೂ "ಅಯ್ಯೋ, ಇವತ್ತು ತಿಂದುಬಿಟ್ಟಿದೀನಿ ಚೂಡಕ್ಕ" ಎಂದು ಜಾರಿಕೊಳ್ಳುತ್ತಿದ್ದಳು. ದೆಹಲಿಗೆ ಹೋಗುವ ಮುನ್ನ ಲೆಕ್ಕ ಪೂರ್ತಿಯಾಗಲೆಂದು ಪ್ರೊಫೆಸರು ಹೇಳಿದ ಮೇಲೆ ಬೇರೆ ದಾರಿಯಿಲ್ಲದೆ ತೋಳು ಚಾಚಿದಳು. ಮಾರನೆಯ ದಿನ ರಜೆ ಹಾಕಿ ಊರಿಗೆ ಹೋದಳು.

ಆ ನಳಿಗೆ ಕಡು ಹಸಿರಾಯಿತು.

ಚೂಡಾಮಣಿ ಆಮ್ಲ ಬದಲಾಯಿಸಿ ಮತ್ತೆ ಮಾಡಿದಳು. ಮತ್ತೂ ಅದೇ ಹಸಿರು. ಹಳ್ಳಿಯ ಆ ಮನೆತನಗಳ ರಕ್ತ ಇದ್ದ ಹಾಗೆಯೇ ಇದೂ ಇತ್ತು. ಅವಳಿಗೆ ಮೊದಲು ಬಂದದ್ದು ಗಾಬರಿಯಲ್ಲ, ಕನಿಕರವೂ ಅಲ್ಲ. ಸಂತೋಷ. ಕಾಯಿಲೆಯ ಮನೆತನದವಳೇ ಆ ಮನೆತನಗಳ ಬಗ್ಗೆ ದೆಹಲಿಯಲ್ಲಿ ನಿಂತು ಮಾತಾಡಲಾದೀತೇ ಎಂದು ಯೋಚಿಸುತ್ತಾ ಅವಳು ಸೀದಾ ಪ್ರೊಫೆಸರ ಬಳಿಗೆ ಹೋದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವಳಿಗೆ ಹೇಳಿದೆಯಾ?" ಎಂದರು.

"ಇಲ್ಲ ಸಾರ್."

"ಅವಳ ರಕ್ತ. ಮೊದಲು ನನಗೆ ಯಾಕೆ ಹೇಳೋಕೆ ಬಂದೆ?"

ಪ್ರೊಫೆಸರು ಮುಖ ತಿರುಗಿಸಿ, "ಅವಳ ಮದುವೆ ಮಾತುಕತೆ ನಡೀತಿದೆಯಂತೆ, ಅದೂ ಸೋದರತ್ತೆ ಮಗನ ಜೊತೆ. ಇವತ್ತೇ ಹೊರಡು. ನೀನೇ ಹೇಳಿ ಬಾ" ಎಂದರು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಬೆಸಗರಹಳ್ಳಿ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಹೊನ್ನಯ್ಯ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ಅವನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಗ್ಗದಂತೆ ದಪ್ಪಗಿತ್ತು. ಈ ಕಾಯಿಲೆಯ ಗುರುತು ಅದು. ಪರೀಕ್ಷೆ ಮಾಡುವ ಅಗತ್ಯವೇ ಇರಲಿಲ್ಲ. "ಬನ್ನಿ ತಾಯಿ, ಬನ್ನಿ. ನಮ್ಮ ಇಂದ್ರ ದಿನಾ ನಿಮ್ಮ ಸುದ್ದೀನೇ ಏಳ್ತಾಳೆ. ನಿಮ್ಮಷ್ಟು ಚೊಕ್ಕವಾಗಿ ಕೆಲಸ ಮಾಡೋರೇ ಇಲ್ವಂತೆ" ಎಂದು ಎದ್ದು ಕಂಬಳಿ ಹಾಸಿದ.

ಇಂದ್ರಮ್ಮ ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಚೂಡಾಮಣಿ ಬಾಯಿ ತೆರೆಯುವ ಮೊದಲೇ, "ಹಸಿರಾಯ್ತಾ?" ಎಂದಳು.

"ಗೊತ್ತಿತ್ತಾ ನಿನಗೆ?"

"ಅಪ್ಪನ ಕಾಲು ನೋಡಿದ್ರಲ್ಲ. ನಮ್ಮ ದೊಡ್ಡಪ್ಪಂದೂ ಹಂಗೇ ಇತ್ತು. ಉಳೋವಾಗಲೇ ಬಿದ್ದು ಸತ್ತ. ಈ ಕೆಲಸಕ್ಕೆ ಮತ್ಯಾಕೆ ಸೇರಿದೆ ಅಂದ್ಕೊಂಡ್ರಿ? ನಂದು ಯಾವತ್ತೋ ಗೊತ್ತಿತ್ತು. ಕಣ್ಣಲ್ಲಿ ನೋಡೋಕೆ ಧೈರ್ಯ ಇರಲಿಲ್ಲ, ಅಷ್ಟೇ." ಹುಲ್ಲಿನ ಕಂತೆ ಕೆಳಗೆ ಹಾಕಿದಳು. "ಸಿದ್ದರಾಜು ಅತ್ತೆ ಮಗ. ಅತ್ತೆ ಅಪ್ಪನ ಒಡಹುಟ್ಟಿದೋಳು. ಅವನಿಗೂ ಇದ್ದರೆ ಆ ಮಗೂ ಥರ ನಮಗೂ ಒಂದು ಹುಟ್ಟಬಹುದು. ಬೆಳಗ್ಗೆ ಬರಿಹೊಟ್ಟೇಲಿ ಬರೋಕೆ ಹೇಳ್ತೀನಿ. ನೀವು ರಕ್ತ ತೆಗೀರಿ."

"ನಾನ್ಯಾಕೆ? ನೀನೇ ತೆಗಿ."

"ನಾನು ನೋಡಿದರೆ ನನಗೆ ಬೇಕಾದ್ದೇ ಕಾಣುತ್ತೆ. ಬೇರೆಯೋರು ನೋಡಿದರೆ ನನ್ನ ಮೇಲಿನ ಕನಿಕರಕ್ಕೆ ಒಂದು ಚೂರು ಆ ಕಡೆ ಈ ಕಡೆ ಮಾಡಿ ಹೇಳ್ತಾರೆ. ನಿಮಗೆ ನನ್ನ ಕಂಡರೆ ಹೊಟ್ಟೆಯುರಿ ಚೂಡಕ್ಕ. ನೀವು ಕನಿಕರ ತೋರಿಸಲ್ಲ."

ಚೂಡಾಮಣಿಯ ಮುಖ ಕೆಂಪಾಯಿತು. ಆ ಕ್ಷಣವೇ ಬಸ್ಸು ಹತ್ತಿ ಹೊರಟುಬಿಡಬೇಕೆನಿಸಿತು. ಆದರೆ ಬಸ್ಸಿರಲಿಲ್ಲ. ತಾಯಿ ಅಂಕಮ್ಮ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿ, "ಅಯ್ನೋರ ಮಗಳು ನಮ್ಮನೇಲಿ ಉಣ್ತೀರೇನವ್ವಾ?" ಎಂದು ಅಳುಕುತ್ತಲೇ ಕೇಳಿದಳು. ಚೂಡಾಮಣಿ ತಲೆ ಬಗ್ಗಿಸಿ ಉಂಡಳು.

ಬೆಳಗ್ಗೆ ಸಿದ್ದರಾಜು ಬಂದ. ಮದ್ದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ನಗುಮುಖದ ಮನುಷ್ಯ. ತೋಳು ಚಾಚಿ, "ಇವಳನ್ನ ಮದ್ವೆ ಆಗಕ್ಕೆ ರಕ್ತ ಬೇರೆ ಕೊಡಬೇಕೇನಮ್ಮಾ? ತಗೊಳ್ಳಿ, ಬೇಕಾದಷ್ಟು ತಗೊಳ್ಳಿ" ಎಂದ. ಇಂದ್ರಮ್ಮ ಅವನನ್ನು ನೋಡಿದ ನೋಟ ಚೂಡಾಮಣಿಯ ಕಣ್ಣಿಗೆ ಬಿತ್ತು. ತನ್ನನ್ನು ಯಾರೂ ಹಾಗೆ ನೋಡಿರಲಿಲ್ಲ, ತಾನೂ ಯಾರನ್ನೂ ಹಾಗೆ ನೋಡಿರಲಿಲ್ಲ.

ಮಂಡ್ಯಕ್ಕೆ ಬಂದವಳೇ ಕೆಲಸಕ್ಕೆ ಕೂತಳು. ಕಾಯುವ ಹೊತ್ತು ಕಳೆಯಿತು. ಸಿದ್ದರಾಜುವಿನ ನಳಿಗೆ ತೆಳು ಹಸಿರಿಗೆ ನಿಂತುಬಿಟ್ಟಿತು. ಅವನಿಗೆ ದೋಷವಿರಲಿಲ್ಲ.

ಮನೆಯಲ್ಲಿ ಬೇರೆ ಯಾರೂ ಇಲ್ಲ. ಇಂದ್ರಮ್ಮನಿಗೆ ದೆಹಲಿ ಸಿಕ್ಕಿದೆ, ಜನ ಸಿಕ್ಕಿದ್ದಾರೆ, ಈಗ ಇವನೂ ಸಿಗುತ್ತಾನೆ. "ಹೆಚ್ಚಿದೆ" ಎಂಬ ಒಂದು ಮಾತು ಸಾಕು. ತಾನು ಮಾಡಿದ ಪರೀಕ್ಷೆಯನ್ನು ಮತ್ತೆ ಮಾಡಿ ನೋಡುವವರಿಲ್ಲ. ಇಂದ್ರಮ್ಮನೇ ಆ ಮದುವೆಯನ್ನು ಮುರಿಯುತ್ತಾಳೆ, ಮೇಲಾಗಿ ತನಗೆ ಕೈಮುಗಿಯುತ್ತಾಳೆ. ಚೂಡಾಮಣಿ ನಳಿಗೆ ಹಿಡಿದು ಕಿಟಕಿಯ ಬಳಿ ನಿಂತೇ ಇದ್ದಳು. ಆಮೇಲೆ ಅದನ್ನು ತೊಳೆದಿಟ್ಟಳು.

ಸೋಮವಾರ ಇಂದ್ರಮ್ಮ ಬಂದು ಬಾಗಿಲಲ್ಲೇ ನಿಂತಳು.

"ಸಿದ್ದರಾಜುಗೆ ಏನೂ ಇಲ್ಲ. ಆ ಮಗುವಿನ ಗತಿ ನಿನ್ನ ಮಕ್ಕಳಿಗೆ ಬರಲ್ಲ. ನಿನ್ನದು ಬರಬಹುದು, ಅರ್ಧಕ್ಕರ್ಧ. ಅದು ನಿನಗೆ ಗೊತ್ತೇ ಇದೆ" ಎಂದಳು ಚೂಡಾಮಣಿ.

ಇಂದ್ರಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಚೂಡಾಮಣಿ ಅವಳ ಭುಜದ ಮೇಲೆ ಕೈಯಿಡಲಿಲ್ಲ. ಒಳಗೆ ಹೋಗಿ ಮುಂದಿನ ನಳಿಗೆ ಎತ್ತಿಕೊಂಡಳು. ಎಷ್ಟೋ ದಿನಗಳ ನಂತರ ತಾಯಿಯ ಬಳಿ ಇದನ್ನೆಲ್ಲ ಹೇಳಿಕೊಂಡಾಗ, "ನೀನು ಒಳ್ಳೆಯವಳು ಕಣೆ" ಎಂದರು ಪದ್ಮಮ್ಮ. "ಒಳ್ಳೆಯತನ ಅಲ್ಲಮ್ಮ. ಸುಳ್ಳು ಹೇಳಿದ್ದರೆ ನನ್ನ ಪರೀಕ್ಷೆ ತಪ್ಪಾಗುತ್ತಿತ್ತು. ಅದನ್ನು ಹೇಗೆ ಸಹಿಸಲಿ?" ಎಂದಳು ಚೂಡಾಮಣಿ.

ಇಂದ್ರಮ್ಮ ದೆಹಲಿಗೆ ಹೋಗಿ ಬಂದಳು. ಆ ಮನೆತನಗಳಲ್ಲಿ ತನ್ನದೂ ಒಂದು ಎಂದು ಎಲ್ಲರ ಮುಂದೆ ಹೇಳಿದಳಂತೆ. ಸಭೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಅದನ್ನು ಕೇಳಿದ ಚೂಡಾಮಣಿಗೆ ಆ ಕಾಯಿಲೆಯ ಮೇಲೂ ಅಸೂಯೆಯಾಯಿತು. ಮದುವೆಗೆ ಹೋಗಿ ಬೆಳ್ಳಿ ಕುಂಕುಮದ ಬಟ್ಟಲು ಕೊಟ್ಟು ಬಂದಳು. ಪ್ರೊಫೆಸರು ಚೂಡಾಮಣಿಯೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದನ್ನು ನಿಲ್ಲಿಸಿದ್ದರು. ಮರುವರ್ಷ ಹೊನ್ನಯ್ಯ ಗದ್ದೆಗೆ ನೀರು ಕಟ್ಟುತ್ತಿರುವಾಗ ಬಿದ್ದು ತೀರಿಕೊಂಡ. ಆ ಮಳೆಗಾಲದಲ್ಲೇ ಚೂಡಾಮಣಿ ಪ್ರಯೋಗಾಲಯ ಬಿಟ್ಟು ಮಳವಳ್ಳಿಯ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದಳು.

೧೯೭೯ರ ಒಂದು ಭಾನುವಾರ ಇಂದ್ರಮ್ಮ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಮಳವಳ್ಳಿಗೆ ಬಂದಳು. ಕೂಸಿನ ರಕ್ತ ಇನ್ನೂ ನೋಡಿಸಿರಲಿಲ್ಲ. ಸ್ವಲ್ಪ ಬಲಿಯಲಿ ಎಂದು ವೈದ್ಯರು ಹೇಳಿದ್ದರಂತೆ. ತಾನು ಎಣ್ಣೆ, ತುಪ್ಪ, ಮೊಟ್ಟೆ ಎಲ್ಲ ಬಿಟ್ಟಿದ್ದೇನೆ ಎಂದಳು. ಪ್ರೊಫೆಸರು ನಿವೃತ್ತರಾಗುತ್ತಿದ್ದರು, ಮಂಡ್ಯದ ಕೆಲಸವನ್ನು ಅವಳಿಗೇ ವಹಿಸಿದ್ದರು.

"ವಾಪಸ್ ಬನ್ನಿ ಚೂಡಕ್ಕ. ನೀವಿಲ್ಲದೆ ನಳಿಗೆ ನೋಡೋರಿಲ್ಲ."

"ನಿನ್ನ ಕೈಕೆಳಗಾ?"

"ಹೂಂ, ನನ್ನ ಕೈಕೆಳಗೇ."

"ಆಗಲ್ಲ ಕಣೆ. ಬೆಳಗ್ಗೆ ಎದ್ದು ನಿನ್ನ ಮುಖ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಈಗಲೂ ಉರೀತಿದೆ."

ಇಂದ್ರಮ್ಮ ನಕ್ಕುಬಿಟ್ಟಳು. ಚೂಡಾಮಣಿ ನಗಲಿಲ್ಲ. ಮಗು ಕೈಚಾಚಿದಾಗ ಮಾತ್ರ ಎತ್ತಿಕೊಂಡು, ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತಿದ್ದ ಕಾಗೆ ತೋರಿಸಲು ಕರೆದುಕೊಂಡು ಹೋದಳು. ಒಳಗೆ ಪದ್ಮಮ್ಮ ಇಂದ್ರಮ್ಮನಿಗೆ ಎಣ್ಣೆಯಿಲ್ಲದ ದೋಸೆ ಹುಯ್ಯುವುದು ಹೇಗೆಂದು ಯೋಚಿಸುತ್ತಾ ಕಾವಲಿ ಇಟ್ಟರು.