ಕಾಕುನ ಎರಡು ಪಕ್ಕಡ

ಮೊನ್ನೆ ನಮ್ಮ ನೀರಿನ ಮೋಟಾರಿನ ವಯರ್ ಕಿತ್ತಿತ್ತು. ಸಾಮಾನಿನ ಡಬ್ಬಿಗೆ ಕೈ ಹಾಕಿದ್ರ ವಯರ್ ಒತ್ತೂ ಕೆಂಪು ಹಿಡಿಕಿ ಪಕ್ಕಡ ಸಿಕ್ತು. ಸುಮ್ನ ಒತ್ತಿದ್ನಿ. ಕಟ್ ಕಟ್ ಕಟ್... ಅಷ್ಟ ಸಪ್ಪಳಕ್ಕ ಮಗ್ಗುಲ ಮನಿ ಕಾಕು ಕಣ್ಮುಂದ ಬಂದು ನಿಂತ್ಲು.

ಇಳಕಲ್ಲಿನ ನಮ್ಮ ಓಣ್ಯಾಗ ಪಾವರ್ ಮಗ್ಗದ ಮೋಟಾರು, ಬೋರ್ಡು ರಿಪೇರಿ ಮಾಡ್ತಿದ್ದವ್ರು ಆಕಿ ಗಂಡ, ಕಾಕಾ. ಅವರು ತೀರಿದ ಮ್ಯಾಲ ಕಾಕು ತಾನ ಆ ಕೆಲಸಕ್ಕ ಕುಂತ್ಲು. ಮಗ್ಗದ ಮಾಲಕರೆಲ್ಲ ಹುಣಸಿಕಾಯಿ ಕಡದಂಗ ಮಾರಿ ಮಾಡಿದ್ರು. ಒಬ್ಬವ ಅಷ್ಟ, "ಒಂದು ಬೋರ್ಡು ಮಾಡಿ ತೋರಸ್ರಿ. ವಯರ್ ಸಡ್ಲಾತಂದ್ರ ನಾ ಬ್ಯಾರೆದವ್ರನ್ನ ನೋಡ್ತೇನಿ" ಅಂದ.

ವಯರಿನ ತುದಿಗೆ ಉಂಗುರದಂಥ ಕಣ್ಣಿರೋ ತಾಮ್ರದ ಲಗ್ಸ್ ಹಾಕಿ ಪಕ್ಕಡದಾಗಿಟ್ಟು ಒತ್ತಬೇಕು. ಕಾಕಾನ ಹಳೇ ಪಕ್ಕಡಕ್ಕ ಕೈಯಾಗಿನ ಕಸುವ ಎಲ್ಲಾ. ಅವರ ಅಂಗೈ ಅಂದ್ರ ರೊಟ್ಟಿ ಹಂಚು. ಅವರು ಒತ್ತಿದ್ದು ಆನಿ ಜಗ್ಗಿದ್ರೂ ಬರ್ತಿದ್ದಿಲ್ಲ. ಕಾಕುನ ಕೈ ಗುಬ್ಬಿ ಕಾಲಿನಂಥಾದ್ದು.

ಒತ್ತಿದ ಮ್ಯಾಲ ಪರೀಕ್ಷಾ. ಆಕಿ ಲಗ್ಸ್ ಹಿಡೀಬೇಕು, ನಾ ವಯರ್ ಜಗ್ಗಬೇಕು. ಆಗಿನ್ನ ನಾ ಏಳನೇದಾಗ ಇದ್ನಿ. ತೂಕ ಒಂದು ಕೊಡ ನೀರಿನಷ್ಟು, ಧಿಮಾಕು ಪೈಲ್ವಾನಂದು.

"ಅವ್ವ ಉಣ್ಣಾಕ ಹಾಕ್ಯಾಳಿಲ್ಲೋ? ಜೋರ್ ಜಗ್ಗಲೇ."

ಜಗ್ಗಿದ್ನಿ. ಲಗ್ಸ್ ಆಕಿ ಕೈಯಾಗ ಉಳೀತು, ವಯರ್ ಸಮೇತ ನಾ ಹೋಗಿ ಹಿಂದ ನಿಂತಿದ್ದ ಆಡಿನ ಮ್ಯಾಲ ಬಿದ್ನಿ. ಆ ಆಡು ಸಾಯೂತನಾ ನನ್ನ ಕಂಡ್ರ ರಸ್ತಾ ಬದಲ ಮಾಡ್ತಿತ್ತು. ಕಾಕು ಕಣ್ಣಾಗ ನೀರು ಬರೂವಂಗ ನಕ್ಲು... ನಗು ನಿಂತ ಮ್ಯಾಲೂ ನೀರು ನಿಲ್ಲಲಿಲ್ಲ.

ಆಮ್ಯಾಲ ಬಾಗಲಕೋಟಿಯಿಂದ ಈ ಕೆಂಪು ಹಿಡಿಕೀದು ತರಿಸಿದ್ಲು. ಇದು ಭಾಳ ಹಟಮಾರಿ. ಕೈ ಎಷ್ಟ ಸಣ್ಣದಿದ್ರೂ ಪೂರಾ ಒತ್ತೂತನಾ ಬಾಯಿ ಬಿಡಂಗಿಲ್ಲ. ನಮ್ಮ ಅಜ್ಜನಂಗ ಹಲ್ಲಿನ ಸೆಟ್ ಬದಲಿ ಮಾಡಿದ್ರ, ಸಣ್ಣ ಎಳಿ ವಯರಿಗೆ ಹಾಕೋ ಟೊಪ್ಪಗಿಯಂಥ ಫೆರೂಲನ್ನೂ ಕಚ್ಚತಿತ್ತು. ಒಮ್ಮೆ ನನ್ನ ಅಂಗಿ ತುದಿ ಕಚ್ಚಿತ್ತು, ಕಾಕು ಸಣ್ಣ ಕೀಲು ಎತ್ತಿ ಬಿಡಿಸೂತನಾ ನಾ ಪೊಲೀಸರ ಕೈಗೆ ಸಿಕ್ಕವರಂಗ ನಿಂತಿದ್ನಿ.

ಅದು ಒತ್ತಿದ್ದು ಎಷ್ಟು ಜಗ್ಗಿದ್ರೂ ಬರಲಿಲ್ಲ. ಆದ್ರೂ ಆಕಿ ಹಳೇದನ್ನ ತಗೊಂಡು, "ಇನ್ನೊಮ್ಮೆ ನೋಡೂಣು" ಅಂದ್ಲು. ಕಿತ್ತು ಬಂತು. "ಇನ್ನೊಮ್ಮೆ." ಮತ್ತ ಕಿತ್ತು ಬಂತು. ಕಡೀಕ ಅದಕ್ಕ ಎಣ್ಣಿ ಒರಸಿ ಗ್ವಾಡಿ ಮಾಡದಾಗ ಇಟ್ಲು.

"ಇದರದೇನ್ ತಪ್ಪಿಲ್ಲೋ. ಕೈ ಬ್ಯಾರೆ."

ಬೋರ್ಡು ಪಾಸಾತು. ಕೆಂಪು ಪಕ್ಕಡದ ಸಪ್ಪಳ ಓಣಿ ತುಂಬಾ. ಹುಬ್ಬಳ್ಳಿಯ ಬೋರ್ಡ್ ಮಾಡೋ ಕಾರ್ಖಾನಿಯವರು ಆಕಿ ಕೆಲಸ ನೋಡಿ ಕರದ್ರು. ನಾ ಜಗ್ಗಿ ಜಗ್ಗಿ ಗೆಲ್ಲಿಸಿದ ಪಕ್ಕಡಾನ ಆಕೀನ್ನ ಊರು ಬಿಡಿಸ್ತು.

ಹೋಗೂ ದಿನ ಕೆಂಪು ಹಿಡಿಕೀದು ನನ್ನ ಕೈಯಾಗಿಟ್ಲು. "ಅಲ್ಲೆ ಅವರ ಕೊಡ್ತಾರ." ಹಳೇದನ್ನ ಮಾತ್ರ ಸೀರ್‍ಯಾಗ ಸುತ್ತಿ ಚೀಲದಾಗ ಹಾಕ್ಕೊಂಡ್ಲು. ಮೊದಮೊದಲ ಫೋನ್ ಬರ್ತಿತ್ತು... ಈಗ ಆ ನಂಬರ್ ಹತ್ತಂಗಿಲ್ಲ.

ಮೊನ್ನೆ ಮೋಟಾರಿನ ವಯರಿಗೆ ಲಗ್ಸ್ ಒತ್ತಿದ್ನಿ. ಜಗ್ಗಿ ನೋಡಬೇಕಲ್ಲ, ಆ ಕಡೆ ಹಿಡಿಯಾಕ ಯಾರೂ ಇಲ್ಲ. ಕಾಕುನ ಮನಿ ಬಾಗಲಕ್ಕ ಕೀಲಿ ಐತಿ. ಆ ಬಾಗಲದ ಮೊಳಿಗೆ ಲಗ್ಸಿನ ಕಣ್ಣು ಸಿಗಿಸಿ ಜೋರ್ ಜಗ್ಗಿದ್ನಿ.

ಲಗ್ಸ್ ಬರಲಿಲ್ಲ. ಬಾಗಲ ಅಷ್ಟ ಧಡ್ ಅಂತು. ಒಳಗಿಂದ ಯಾರಲೇ ಅಂತ ಯಾರೂ ಕೇಳಲಿಲ್ಲ.